ಪ್ರಶ್ನೆ ಪೂರ್ತಿ ಹದವಾಗದಿದ್ದರೂ ಲೈಬ್ರರಿಗೆ ಬನ್ನಿ

ಓದುಗರ ಪ್ರಶ್ನೆ

ಮೇಡಂ, ನಮಸ್ಕಾರ. ನಾನು ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದೇನೆ. ಊರು ಕೊಪ್ಪಳ ಜಿಲ್ಲೆ. ಇಲ್ಲಿಗೆ ಬರುವ ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಆಗಿದ್ದೆ. ತೂಕ ಕಡಿಮೆ ಇರುವ ಕೂಸುಗಳ ತಾಯಂದಿರಿಗೆ ಕಾಂಗರೂ ಆರೈಕೆ (ಕೂಸನ್ನು ಮೈಗೆ ಮೈ ತಾಗುವ ಹಾಗೆ ಎದೆಗೆ ಕಟ್ಟಿಕೊಳ್ಳುವುದು) ಕಲಿಸಿ ಮನೆಗೆ ಕಳಿಸುತ್ತಿದ್ದೆವು. ಮನೆಗೆ ಹೋದ ಮೇಲೆ ಬಹಳ ಮಂದಿ ನಿಲ್ಲಿಸಿಬಿಡುತ್ತಿದ್ದರು. ಸೆಕೆ ಅಂತ ಕೆಲವರು, ಅತ್ತೆ ಬೈತಾರೆ ಅಂತ ಕೆಲವರು. ಯಾಕೆ ನಿಲ್ಲಿಸುತ್ತಾರೆ ಅನ್ನುವುದನ್ನೇ ಡಿಸರ್ಟೇಶನ್ ವಿಷಯ ಮಾಡಿಕೊಂಡಿದ್ದೇನೆ. ಗೈಡ್ ಮೇಡಂ "ಚೆನ್ನಾಗಿ ಲಿಟರೇಚರ್ ರಿವ್ಯೂ ಮಾಡಿಕೊಂಡು ಬನ್ನಿ" ಅಂದಿದ್ದಾರೆ, ಅಂದರೆ ಈ ವಿಷಯದ ಮೇಲೆ ಈಗಾಗಲೇ ಆದ ಸಂಶೋಧನೆಯ ಅವಲೋಕನ. ಗೂಗಲ್‌ನಲ್ಲಿ ಹುಡುಕಿದರೆ ಲಕ್ಷಗಟ್ಟಲೆ ಬರುತ್ತವೆ, ತೆರೆದರೆ ದುಡ್ಡು ಕೇಳುತ್ತವೆ. ಕರ್ನಾಟಕದ್ದು ಒಂದೂ ಸಿಕ್ಕಿಲ್ಲ. ಸರ್ಕಾರಿ ಕಾಲೇಜಿನಲ್ಲಿರುವ ಗೆಳತಿಗೆ ಅದೇ ಲೇಖನ ಪುಕ್ಕಟೆ ತೆರೆಯುತ್ತದೆ. ನಮ್ಮ ಕಾಲೇಜಿನ ಹತ್ತಿರ ಒಂದು ಸೆಂಟರ್‌ನವರು ರಿವ್ಯೂ ಬರೆದುಕೊಡುತ್ತೇವೆ ಅನ್ನುತ್ತಾರೆ. ಇನ್ನೊಬ್ಬಳು ಚಾಟ್‌ಜಿಪಿಟಿಯಿಂದ ರೆಫರೆನ್ಸ್ ತೆಗೆದುಕೊಟ್ಟಳು. ಲೈಬ್ರರಿಯಲ್ಲಿ ಕೇಳೋಣವೆಂದರೆ ನನಗೆ ಇಂಗ್ಲಿಷ್ ಸರಾಗ ಬರುವುದಿಲ್ಲ, ಏನು ಕೇಳಬೇಕೆಂದೂ ಗೊತ್ತಿಲ್ಲ. ಎಂ.ಎಸ್ಸಿ.ಗೆ ಬಂದು ಇಷ್ಟೂ ಗೊತ್ತಿಲ್ಲವಾ ಅಂತಾರೇನೋ. ಅವರಿಂದ ಹುಡುಕಿಸಿಕೊಂಡರೆ ಅದು ನನ್ನ ಕೆಲಸ ಅಂತ ಆಗುತ್ತದಾ?

— ಹೆಸರು ಬೇಡ, ಬೆಂಗಳೂರು

ಉತ್ತರ

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಎಲ್ಲದರ ಅಡಿಯಲ್ಲೂ ನನಗೆ ಕಂಡದ್ದು ಒಂದೇ ಅಂಜಿಕೆ: ಏನು ಕೇಳಬೇಕೆಂದು ಸರಿಯಾಗಿ ಗೊತ್ತಾದ ಮೇಲಷ್ಟೇ ಲೈಬ್ರರಿಗೆ ಹೋಗಬೇಕು ಅನ್ನುವುದು. ವೈದ್ಯಕೀಯ ಲೈಬ್ರರಿಗಳಲ್ಲೇ ಕೆಲಸ ಮಾಡಿಕೊಂಡು ಬಂದವಳಾಗಿ ಹೇಳುತ್ತೇನೆ, ಏನು ಕೇಳಬೇಕೆಂದು ತಿಳಿಯದಿರುವಾಗಲೇ ಬರಬೇಕಾದ ಜಾಗ ಅದು. ಎಲ್ಲ ಹುಡುಕಿ ಸುಸ್ತಾಗಿ, ಸಿನಾಪ್ಸಿಸ್ (ಅಧ್ಯಯನದ ಆರಂಭಿಕ ರೂಪರೇಷೆ) ಕೊಡಲು ಮೂರು ದಿನ ಉಳಿದಾಗ "ಮೇಡಂ, ಈ ಐದು ಪಿಡಿಎಫ್ ಬೇಕಿತ್ತು" ಎಂದು ಬರುವ ವಿದ್ಯಾರ್ಥಿಗೆ ನಾವು ಐದು ಪಿಡಿಎಫ್ ಕೊಡಬಲ್ಲೆವು, ಅಷ್ಟೇ. ಮೊದಲೇ ಬಂದವರಿಗೆ ಅವರ ಪ್ರಶ್ನೆಯನ್ನೇ ಹುಡುಕಲು ಬರುವ ಹಾಗೆ ತಿದ್ದಿಕೊಡಬಲ್ಲೆವು. ಉಳಿದ ಕೆಲಸವೆಲ್ಲ ಅದರ ಮೇಲೆ ನಿಲ್ಲುತ್ತದೆ.

ಅತಿ ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕರ್ನಾಟಕದ್ದು ಒಂದೂ ಇಲ್ಲ ಅಂದಿರಿ. ಇದೆ. ಅದೂ ನಿಮ್ಮ ಕೊಪ್ಪಳದ್ದೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಮನ್ವಯದಲ್ಲಿ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ಕಾಂಗರೂ ಆರೈಕೆಯನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತರುವುದು ಹೇಗೆ ಎಂಬ ಅಧ್ಯಯನ ನಡೆಯಿತು. ಹುಟ್ಟುವಾಗ 2000 ಗ್ರಾಂಗಿಂತ ಕಡಿಮೆ ತೂಕವಿದ್ದ ಕೂಸುಗಳ ಮೇಲೆ ಅದರ ಗಮನ. ಭಾರತದಲ್ಲಿ ಆರಿಸಿಕೊಂಡ ಜಾಗಗಳಲ್ಲಿ ಕೊಪ್ಪಳ ಜಿಲ್ಲೆ ಒಂದು. ಆ ಭಾಗದ ಕೆಲಸದಲ್ಲಿ ತೊಡಗಿದ್ದದ್ದು ಬೆಂಗಳೂರಿನದೇ ಆದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. ಫಲಿತಾಂಶ 2021ರಲ್ಲಿ ಬಿಎಂಜೆ ಗ್ಲೋಬಲ್ ಹೆಲ್ತ್ ಎಂಬ ಜರ್ನಲ್‌ನಲ್ಲಿ ಬಂತು. ಆ ಜರ್ನಲ್ ಓದುಗರಿಂದ ದುಡ್ಡು ಕೇಳುವುದಿಲ್ಲ, ಎಲ್ಲರಿಗೂ ತೆರೆದದ್ದು. ನೀವು ಕೂಸಿನ ತಾಯಂದಿರಿಗೆ ಎದೆಗೆ ಕಟ್ಟಿಕೊಳ್ಳಲು ಕಲಿಸುತ್ತಿದ್ದ ಜಿಲ್ಲೆಯ ಬಗ್ಗೆಯೇ ಬರೆದ ಲೇಖನ, ಪುಕ್ಕಟೆ ಸಿಗುವ ಲೇಖನ, ನಿಮ್ಮ ಕಣ್ಣಿಗೆ ಬೀಳಲಿಲ್ಲ. ಇದರಲ್ಲಿ ನಿಮ್ಮ ದಡ್ಡತನ ಏನೂ ಇಲ್ಲ. ಯಾಕೆ ಸಿಗಲಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರವಿದೆ.

ಆ ಲೇಖನದ ಶೀರ್ಷಿಕೆಯಲ್ಲಿ ಕೊಪ್ಪಳವೂ ಇಲ್ಲ, ಕರ್ನಾಟಕವೂ ಇಲ್ಲ. ಇಥಿಯೋಪಿಯಾ, ಇಂಡಿಯಾ ಎಂದಷ್ಟೇ ಇದೆ. "ನಿಲ್ಲಿಸುವುದು" ಎಂಬ ಅರ್ಥದ ಪದವೂ ಇಲ್ಲ, "ಸ್ಕೇಲಿಂಗ್ ಅಪ್" ಎಂದಿದೆ. ನೀವು ಬಹುಶಃ "ಹಳ್ಳಿಯ ತಾಯಂದಿರು ಮನೆಯಲ್ಲಿ ಕಾಂಗರೂ ಆರೈಕೆ ನಿಲ್ಲಿಸಲು ಕಾರಣಗಳು, ಕರ್ನಾಟಕ" ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಇಡೀ ವಾಕ್ಯವನ್ನೇ ಹಾಕಿರುತ್ತೀರಿ. ಗೂಗಲ್ ಅಂಥ ವಾಕ್ಯದಲ್ಲಿ ತನಗೆ ತೋಚಿದ ಪದಗಳನ್ನು ಹಿಡಿದು, ಉಳಿದದ್ದನ್ನು ಸಡಿಲಿಸಿ, ಲಕ್ಷಗಟ್ಟಲೆ ಪುಟಗಳನ್ನು ತಂದು ಸುರಿಯುತ್ತದೆ. ಅದೇ ವಾಕ್ಯವನ್ನು ವೈದ್ಯಕೀಯ ಲೇಖನಗಳ ಉಚಿತ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಹಾಕಿದರೆ ತದ್ವಿರುದ್ಧ. ಅದು ನೀವು ಹಾಕಿದ ಪದಗಳೆಲ್ಲವೂ ಇರುವ ಲೇಖನವನ್ನೇ ಹುಡುಕಲು ಹೋಗಿ ಎರಡೋ ಮೂರೋ ತೋರಿಸುತ್ತದೆ, ಒಮ್ಮೊಮ್ಮೆ ಸೊನ್ನೆ. ವಿದ್ಯಾರ್ಥಿಗಳು "ಈ ವಿಷಯದ ಮೇಲೆ ಕೆಲಸವೇ ಆಗಿಲ್ಲ" ಎಂದು ಸಿನಾಪ್ಸಿಸ್‌ನಲ್ಲಿ ಧೈರ್ಯವಾಗಿ ಬರೆಯುವುದು ಈ ಸೊನ್ನೆಯನ್ನು ನಂಬಿ. ವೈವಾದಲ್ಲಿ ಪರೀಕ್ಷಕರು ಎರಡು ಲೇಖನದ ಹೆಸರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಇನ್ನೊಂದು ಕಾರಣ ಪದಗಳದ್ದು. ನೀವು ವಾರ್ಡಿನಲ್ಲಿ ಹೇಳುವ ಒಂದೇ ಸಂಗತಿಗೆ ಸಂಶೋಧಕರು ಹತ್ತು ಹೆಸರು ಇಟ್ಟಿರುತ್ತಾರೆ. ಒಬ್ಬರು ಕಾಂಗರೂ ಕೇರ್, ಇನ್ನೊಬ್ಬರು ಕಾಂಗರೂ ಮದರ್ ಕೇರ್, ಮತ್ತೊಬ್ಬರು ಬರೀ ಕೆಎಂಸಿ, ಹೆರಿಗೆ ಕೋಣೆಯವರು ಸ್ಕಿನ್ ಟು ಸ್ಕಿನ್ ಕಾಂಟ್ಯಾಕ್ಟ್. ನಿಮ್ಮ "ನಿಲ್ಲಿಸುವುದು" ಅವರ ಭಾಷೆಯಲ್ಲಿ ಅಡ್ಹೆರೆನ್ಸ್ ಆಗಿರಬಹುದು, ಕಂಟಿನ್ಯುಏಶನ್ ಆಗಿರಬಹುದು, ಬ್ಯಾರಿಯರ್ಸ್, ಅಕ್ಸೆಪ್ಟಬಿಲಿಟಿ, ಅಪ್‌ಟೇಕ್ ಆಗಿರಬಹುದು. ಮಗು ಒಬ್ಬರಿಗೆ ಪ್ರೀಟರ್ಮ್, ಅಂದರೆ 37 ವಾರ ತುಂಬುವ ಮೊದಲು ಹುಟ್ಟಿದ್ದು. ಇನ್ನೊಬ್ಬರಿಗೆ ಲೋ ಬರ್ತ್ ವೇಟ್, ಅಂದರೆ 2500 ಗ್ರಾಂಗಿಂತ ಕಡಿಮೆ. ಎರಡೂ ಒಂದೇ ಅಲ್ಲ. ತಿಂಗಳು ತುಂಬಿಯೂ ತೂಕ ಕಡಿಮೆ ಇರುವ ಕೂಸುಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಪದ ಹಾಕಿ ಹುಡುಕಿದರೆ ಇನ್ನೊಂದು ಪದ ಬಳಸಿದವರ ಕೆಲಸ ಪೂರ್ತಿ ಕೈತಪ್ಪುತ್ತದೆ.

ಈ ತೊಡಕಿಗಾಗಿಯೇ ಪಬ್‌ಮೆಡ್ ನಡೆಸುವ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನವರು ಮೆಶ್ ಎಂಬ ಪದಕೋಶ ಇಟ್ಟುಕೊಂಡಿದ್ದಾರೆ. ಲೇಖಕರು ಏನೇ ಕರೆಯಲಿ, ವಿಷಯ ಒಂದೇ ಆದರೆ ಅದಕ್ಕೊಂದೇ ತಲೆಬರಹ. ಕಾಂಗರೂ ಆರೈಕೆಗೆ ಅಲ್ಲಿ "ಕಾಂಗರೂ ಮದರ್ ಕೇರ್ ಮೆಥಡ್" ಎಂಬ ತಲೆಬರಹವಿದೆ. ಅದನ್ನು ಹಿಡಿದರೆ ಬೇರೆ ಬೇರೆ ಹೆಸರಿನ ಲೇಖನಗಳು ಒಂದೇ ಬುಟ್ಟಿಗೆ ಬೀಳುತ್ತವೆ. ಆದರೆ ಮೆಶ್ ಒಂದನ್ನೇ ನಂಬಿ ಕೂರಬೇಡಿ. ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಗಳಿಗೂ ಮೆಶ್ ಹಚ್ಚಿರುವುದಿಲ್ಲ. ಹಾಗಾಗಿ ಮೆಶ್ ತಲೆಬರಹ, ಜೊತೆಗೆ ರೂಢಿಯ ಪದಗಳು, ಎರಡನ್ನೂ "ಆರ್" (ಅಥವಾ) ಎಂಬ ಪದ ಹಾಕಿ ಸೇರಿಸಬೇಕು. ಹೀಗೆ ಆರೈಕೆಗೊಂದು ಗುಂಪು, ಮಗುವಿಗೊಂದು ಗುಂಪು, ಮನೆ ಅಥವಾ ಸಮುದಾಯಕ್ಕೊಂದು ಗುಂಪು ಮಾಡಿಕೊಂಡು, ಗುಂಪುಗಳ ನಡುವೆ "ಆಂಡ್" (ಮತ್ತು) ಹಾಕಬೇಕು. ಕೇಳಲು ಸುಲಭ. ಆದರೆ ಯಾವ ಗುಂಪು ಬೇಕು, ಯಾವುದು ಬೇಡ ಎಂಬ ತೀರ್ಮಾನ ಇದೆಯಲ್ಲ, ಅದಕ್ಕೆ ಅಭ್ಯಾಸ ಬೇಕು. "ಇಂಡಿಯಾ" ಎಂಬ ಗುಂಪನ್ನು ಮೊದಲೇ ಸೇರಿಸಿದರೆ ನಿಮಗೆ ಬೇಕಾದ ಎಷ್ಟೋ ಲೇಖನಗಳು ಉದುರಿಹೋಗುತ್ತವೆ. ಮೊದಲು ಅದಿಲ್ಲದೆ ನೋಡಿ, ಬಂದದ್ದು ತೀರಾ ಹೆಚ್ಚಾದರೆ ಆಮೇಲೆ ಸೇರಿಸಿ.

ಒಂದು ಒಳ್ಳೆಯ ಲೇಖನ ಕೈಗೆ ಬಂದರೆ ಅದನ್ನು ಬಿಡಬೇಡಿ. ಅದರ ಕೊನೆಯ ರೆಫರೆನ್ಸ್‌ಗಳಲ್ಲಿ ಹಿಂದಿನವರು ಸಿಗುತ್ತಾರೆ. ಅದನ್ನು ಉಲ್ಲೇಖಿಸಿದವರ ಪಟ್ಟಿಯಲ್ಲಿ ಮುಂದಿನವರು. ಕೊಪ್ಪಳದ ಲೇಖನದಿಂದ ಹೊರಟರೆ ಹರಿಯಾಣದ ದೊಡ್ಡ ಪ್ರಯೋಗಕ್ಕೆ ತಲುಪಬಹುದು. ಅಲ್ಲಿ ಕಾಂಗರೂ ಆರೈಕೆಯನ್ನು ಮನೆಯಲ್ಲೇ ಆರಂಭಿಸಿದರು, 8402 ಶಿಶುಗಳು ಇದ್ದರು, 2019ರಲ್ಲಿ ಲ್ಯಾನ್ಸೆಟ್ ಎಂಬ ಜರ್ನಲ್‌ನಲ್ಲಿ ಬಂತು. ನಿಮ್ಮದು ಮನೆಯ ವಿಷಯವಾದ್ದರಿಂದ ಅದು ನಿಮಗೆ ಬೇಕೇ ಬೇಕು. 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಯೋಗವೂ ಅಲ್ಲೇ ಪಕ್ಕದಲ್ಲಿ ಸಿಗುತ್ತದೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಮಗು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿ ನೋಡಿದರು. 28 ದಿನದೊಳಗಿನ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿದದ್ದು ಕಂಡಿತು. ಅದಾದ ಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು: ಹುಟ್ಟಿದ ಕೂಡಲೇ ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆ. ಇದು ನಿಮಗೆ ಯಾಕೆ ಮುಖ್ಯ ಅಂದರೆ, 2015ರ ಲೇಖನದಲ್ಲಿ "ತಾಯಿ ಸರಿಯಾಗಿ ಮಾಡಿದಳು" ಅನ್ನುವುದಕ್ಕೂ 2023ರ ಲೇಖನದಲ್ಲಿ ಅದೇ ಮಾತು ಹೇಳುವುದಕ್ಕೂ ಅಳತೆ ಬೇರೆ ಇರಬಹುದು. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ಹೋಲಿಸಿದರೆ ರಿವ್ಯೂ ಕೆಡುತ್ತದೆ. ರಿವ್ಯೂ ಅಂದರೆ ಇಂಥದ್ದನ್ನು ಗಮನಿಸುವುದೇ. ಐವತ್ತು ಸಾರಾಂಶಗಳನ್ನು ಒಂದರ ಕೆಳಗೊಂದು ಅಂಟಿಸುವುದಲ್ಲ.

ಹಾಗಾದರೆ ಲೈಬ್ರರಿಗೆ ಬಂದರೆ ಏನು ನಡೆಯುತ್ತದೆ? ನೀವು ಬಂದು "ಕಾಂಗರೂ ಕೇರ್ ಮೇಲೆ ಆರ್ಟಿಕಲ್ಸ್ ಬೇಕು" ಅನ್ನುತ್ತೀರಿ. ಎಲ್ಲಿ ನೋವು ಎಂದು ಹೇಳದೆ ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿದ ಹಾಗೆ ಅದು. ನಾನು ಕೂರಿಸಿ ಕೇಳುತ್ತೇನೆ: ಯಾವ ತೂಕದ ಕೂಸು? ಮನೆಗೆ ಹೋದ ಎಷ್ಟು ದಿನದವರೆಗೆ ನೋಡುತ್ತೀರಿ? ನಿಲ್ಲಿಸಿದರು ಅಂದರೆ ಪೂರ್ತಿ ಬಿಟ್ಟರಾ, ಗಂಟೆ ಕಡಿಮೆ ಮಾಡಿದರಾ? ಮಾತಾಡಿಸುವುದು ತಾಯಂದಿರನ್ನು ಮಾತ್ರವೇ, ಅತ್ತೆಯರನ್ನೂ ಕೇಳುತ್ತೀರಾ, ಆಶಾ ಕಾರ್ಯಕರ್ತೆಯರನ್ನು? ಎಷ್ಟು ಮಂದಿ ನಿಲ್ಲಿಸಿದರು ಎಂದು ಎಣಿಸಬೇಕೋ, ಯಾಕೆ ನಿಲ್ಲಿಸಿದರು ಎಂದು ಕೇಳಿ ತಿಳಿಯಬೇಕೋ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಎಷ್ಟೋ ವಿದ್ಯಾರ್ಥಿಗಳಿಗೆ ತಮ್ಮ ಅಧ್ಯಯನ ಯಾವ ಜಾತಿಯದು ಎಂಬುದು ಮೊದಲ ಸಲ ಹೊಳೆಯುತ್ತದೆ. ಕ್ಲಾಸಿನಲ್ಲಿ ಎಲ್ಲರಿಗೂ ಪೈಕೊ ಕಲಿಸಿರುತ್ತಾರೆ: ಯಾರು, ಏನು ಮಾಡಿದೆವು, ಯಾವುದಕ್ಕೆ ಹೋಲಿಸಿದೆವು, ಏನಾಯಿತು. ಎರಡು ಚಿಕಿತ್ಸೆಗಳನ್ನು ಹೋಲಿಸುವವರಿಗೆ ಅದು ಸರಿ. ನಿಮ್ಮದು "ಯಾಕೆ" ಎಂಬ ಪ್ರಶ್ನೆ. ಹೋಲಿಕೆ ಎಂಬ ಖಾನೆಯನ್ನು ಬಲವಂತವಾಗಿ ತುಂಬಲು ಹೋದರೆ ಹುಡುಕಾಟ ದಾರಿ ತಪ್ಪುತ್ತದೆ. ಯಾರು, ಯಾವ ಅನುಭವ, ಯಾವ ಪರಿಸರ, ನಿಮಗೆ ಈ ಮೂರು ಸಾಕು.

ಇದೆಲ್ಲವನ್ನೂ ಕನ್ನಡದಲ್ಲೇ ಮಾತಾಡಬಹುದು. ಇಂಗ್ಲಿಷ್ ಬೇಕಾಗುವುದು ಡೇಟಾಬೇಸ್‌ಗೆ, ನಿಮ್ಮ ಮುಂದೆ ಕೂತವರಿಗಲ್ಲ. ನನ್ನ ಅನುಭವದಲ್ಲಿ ಅರೆಬರೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ವಿಷಯ ಹೇಳುವವರಿಗಿಂತ, "ಮೇಡಂ, ಅತ್ತೆ ಬೈತಾರೆ ಅಂತ ಬಿಟ್ಟುಬಿಡ್ತಾರೆ" ಎಂದು ಕಂಡದ್ದನ್ನು ಕಂಡ ಹಾಗೆ ಹೇಳುವವರ ಹುಡುಕಾಟವೇ ಚೆನ್ನಾಗಿ ಆಗುತ್ತದೆ. "ಅತ್ತೆ" ಅಂದ ಕೂಡಲೇ ಕುಟುಂಬದ ಬೆಂಬಲ, ಮನೆಯ ಹಿರಿಯ ಹೆಂಗಸರ ಪಾತ್ರ ಎಂಬ ಎರಡು ಹೊಸ ದಾರಿ ನನಗೆ ಕಾಣುತ್ತವೆ. "ಸೆಕೆ" ಅಂದರೆ ಇನ್ನೊಂದು. ವಾರ್ಡಿನಲ್ಲಿ ಕೆಲಸ ಮಾಡಿ ಬಂದ ನಿಮ್ಮಂಥವರಲ್ಲಿ ಈ ಬಂಡವಾಳ ಇರುತ್ತದೆ, ಅದನ್ನು ಇಂಗ್ಲಿಷಿನ ಭಯಕ್ಕೆ ಮುಚ್ಚಿಡಬೇಡಿ.

ಎಂ.ಎಸ್ಸಿ.ಗೆ ಬಂದು ಇಷ್ಟೂ ಗೊತ್ತಿಲ್ಲವಾ ಅಂತಾರೆ ಎಂಬ ಮಾತಿಗೆ ಒಂದು ಸಂಗತಿ ಹೇಳಲೇಬೇಕು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಗ್ರಂಥಪಾಲಕರಿಗೆ ತರಬೇತಿ ಕೊಡುವ ಡಿಆರ್‌ಟಿಸಿ ಎಂಬ ಕೇಂದ್ರವನ್ನು ಇಲ್ಲಿ 1962ರಲ್ಲಿ ಕಟ್ಟಿದರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎಂಬುದು. ನಮ್ಮ ವೃತ್ತಿಯಲ್ಲಿ ಇದನ್ನು ಮೊದಲ ಸೆಮಿಸ್ಟರ್‌ನಲ್ಲೇ ಕಲಿಸುತ್ತಾರೆ. ನೀವು ಬಂದು ಕೇಳುವುದು ಅವರಿಗೆ ತೊಂದರೆ ಕೊಟ್ಟ ಹಾಗಲ್ಲ, ಅವರಿಗೆ ಸಂಬಳ ಕೊಡುವುದೇ ಅದಕ್ಕೆ.

ಹಾಗೆಂದು ಎಲ್ಲ ಕಡೆ ಆದರದಿಂದ ಕೂರಿಸಿ ಹೇಳುತ್ತಾರೆ ಎಂದು ಆಸೆ ಹುಟ್ಟಿಸುವುದೂ ಸರಿಯಲ್ಲ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಒಬ್ಬರೇ ಲೈಬ್ರೇರಿಯನ್. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಸ್ಟಾಕ್ ಪರಿಶೀಲನೆ, ನೋ ಡ್ಯೂ ಸಹಿ, ಇನ್‌ಸ್ಪೆಕ್ಷನ್ ಬಂದರೆ ರಿಜಿಸ್ಟರ್ ಸಿದ್ಧ ಮಾಡುವುದು, ಎಲ್ಲ ಅವರೇ. ಮಧ್ಯಾಹ್ನದ ಗದ್ದಲದಲ್ಲಿ ಕೌಂಟರ್ ಮುಂದೆ ನಿಂತು ಸಂಶೋಧನೆಯ ಪ್ರಶ್ನೆ ಕೇಳಿದರೆ ಮುಖ ಗಂಟು ಹಾಕಿಕೊಂಡಾರು. ಮೊದಲೇ ಹೋಗಿ "ಡಿಸರ್ಟೇಶನ್ ಹುಡುಕಾಟಕ್ಕೆ ನಿಮ್ಮ ಅರ್ಧ ಗಂಟೆ ಬೇಕು, ಯಾವಾಗ ಬರಲಿ?" ಎಂದು ಕೇಳಿ. ಪರೀಕ್ಷೆ ಮತ್ತು ಇನ್‌ಸ್ಪೆಕ್ಷನ್ ದಿನಗಳನ್ನು ಬಿಡಿ. ಹೋಗುವಾಗ ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆ ಕನ್ನಡದಲ್ಲೇ ಬರೆದಿರಲಿ, ಈಗಾಗಲೇ ಸಿಕ್ಕ ಒಂದೆರಡು ಒಳ್ಳೆಯ ಲೇಖನ, ಯಾವ ಪದ ಹಾಕಿ ಎಲ್ಲಿ ಹುಡುಕಿದಿರಿ ಎಂಬ ಟಿಪ್ಪಣಿ, ಸಿನಾಪ್ಸಿಸ್ ಕೊಡಬೇಕಾದ ದಿನ, ಇಷ್ಟಿದ್ದರೆ ಅರ್ಧ ಗಂಟೆ ಸಾಕಷ್ಟು ದೂರ ಬರುತ್ತದೆ.

ಈಗ ದುಡ್ಡು ಕೇಳುವ ಲೇಖನಗಳ ವಿಚಾರ. ಗೆಳತಿಗೆ ತೆರೆಯುವುದು ನಿಮಗೆ ಯಾಕೆ ತೆರೆಯುವುದಿಲ್ಲ? ಸಂಸ್ಥೆಗಳಿಗೆ ಜರ್ನಲ್‌ಗಳನ್ನು ಒಟ್ಟಾಗಿ ಒದಗಿಸುವ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಎಂಬ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು, 2025ರ ಜನವರಿಯಿಂದ ಜಾರಿಗೆ ಬಂತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಆದರೆ ಈ ಮೊದಲ ಹಂತದಲ್ಲಿ ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ. ನಿಮ್ಮ ಗೆಳತಿಯ ಕಾಲೇಜು ಆ ಪಟ್ಟಿಯೊಳಗೆ, ನಿಮ್ಮದು ಹೊರಗೆ. ಒಂದೇ ವಿಶ್ವವಿದ್ಯಾಲಯದಡಿ ಒಂದೇ ಪರೀಕ್ಷೆ ಬರೆಯುವ ಇಬ್ಬರಿಗೆ ಹೀಗೆ ಬೇರೆ ಬೇರೆ ಬಾಗಿಲು ಇರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನಿಮಗೆ ದಾರಿಯೇ ಇಲ್ಲ ಎಂದಲ್ಲ.

ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ ಹೆಲಿನೆಟ್ ಬಗ್ಗೆ ಕೇಳಿ. ಸಂಯೋಜಿತ ಕಾಲೇಜುಗಳು ಒಟ್ಟಾಗಿ ಇ-ಜರ್ನಲ್ ಪಡೆಯಲೆಂದು ವಿಶ್ವವಿದ್ಯಾಲಯ 2003ರಲ್ಲಿ ಆರಂಭಿಸಿದ ಜಾಲ ಅದು. ಕಾಲೇಜು ಸದಸ್ಯತ್ವ ಪಡೆದಿದ್ದರೂ ವಿದ್ಯಾರ್ಥಿಗಳಿಗೆ ಅದು ಗೊತ್ತೇ ಇರದ ಎಷ್ಟೋ ಉದಾಹರಣೆಗಳನ್ನು ನೋಡಿದ್ದೇನೆ. ಲಾಗಿನ್ ಲೈಬ್ರೇರಿಯನ್ ಬಳಿ ಇರುತ್ತದೆ, ಕೇಳುವವರಿಲ್ಲ. ಇನ್ನೊಂದು ವಿಷಯ, ಕಾಲೇಜಿನ ವೈಫೈನಲ್ಲಿ ತೆರೆಯುವ ಲೇಖನ ನಿಮ್ಮ ಪೀಜಿಯಲ್ಲಿ ದುಡ್ಡು ಕೇಳಬಹುದು. ಪ್ರಕಾಶಕರು ಕಾಲೇಜಿನ ನೆಟ್‌ವರ್ಕ್ ವಿಳಾಸ ನೋಡಿ ಬಾಗಿಲು ತೆರೆಯುತ್ತಾರೆ, ನಿಮ್ಮ ಮುಖ ನೋಡಿ ಅಲ್ಲ. ಹೊರಗಿನಿಂದ ಬಳಸಲು ರಿಮೋಟ್ ಲಾಗಿನ್ ಇದೆಯೇ ಎಂದು ವಿಚಾರಿಸಿ. ಜಯನಗರ 4ನೇ ಟಿ ಬ್ಲಾಕ್‌ನಲ್ಲಿರುವ ವಿಶ್ವವಿದ್ಯಾಲಯದ ಲೈಬ್ರರಿಯನ್ನೂ ಸಂಪರ್ಕಿಸಬಹುದು. ಹಿಂದಿನವರು ನಿಮ್ಮ ವಿಷಯದ ಮೇಲೆ ಮಾಡಿದ ಡಿಸರ್ಟೇಶನ್ ಇದೆಯೇ ಎಂದು ಅಲ್ಲಿ ಮರೆಯದೆ ಕೇಳಿ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಆದ ಕೆಲಸ ಬಹಳಷ್ಟು ಜರ್ನಲ್‌ಗಳಿಗೆ ಹೋಗದೆ ಡಿಸರ್ಟೇಶನ್ ಆಗಿಯೇ ಉಳಿದಿರುತ್ತದೆ. ಪಬ್‌ಮೆಡ್ ಅದನ್ನು ಯಾವತ್ತೂ ತೋರಿಸುವುದಿಲ್ಲ.

ನಿಮ್ಹಾನ್ಸ್, ಸೇಂಟ್ ಜಾನ್ಸ್‌ನಂಥ ದೊಡ್ಡ ಲೈಬ್ರರಿಗಳಿಗೆ ಹೊರಗಿನವರು ಹೋಗುವುದಾದರೆ ಆಯಾ ಸಂಸ್ಥೆಯ ನಿಯಮ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ, ಪ್ರಾಂಶುಪಾಲರ ಪತ್ರ ಮತ್ತು ಐಡಿ ಕಾರ್ಡ್ ಒಯ್ಯಿರಿ. ಸಿಟಿ ದಾಟಿ ಹೋಗಿ ಗೇಟಿನಲ್ಲೇ ವಾಪಸಾಗುವುದು ಬೇಡ. ನಿಮ್ಮ ಕಾಲೇಜು ಡೆಲ್‌ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯವಾಗಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡಲೂ ಬರುತ್ತದೆ, ಕೆಲವು ದಿನ ಹಿಡಿಯುತ್ತದೆ. ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯುವುದು ಇನ್ನೊಂದು ದಾರಿ. ಪ್ರತಿ ಕೇಳಿದರೆ ಕೊಡುವ ಸಂಶೋಧಕರು ಬಹಳ ಮಂದಿ ಇದ್ದಾರೆ. ಇದೆಲ್ಲಕ್ಕೂ ಮೊದಲು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಲೇಖನ ಉಚಿತವಾಗಿ ಇದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ 1913ರಿಂದ ಬರುತ್ತಿರುವ ಜರ್ನಲ್, ಓದಲು ದುಡ್ಡು ಕೊಡಬೇಕಾಗಿಲ್ಲ. ಗೆಳತಿಯ ಲಾಗಿನ್ ಪಡೆದು ಬಳಸಬೇಡಿ. ಸಿಕ್ಕಿಬಿದ್ದರೆ ಅವಳ ಪ್ರವೇಶ ನಿಲ್ಲಿಸುತ್ತಾರೆ. ದುಡ್ಡಿನ ಲೇಖನಗಳನ್ನು ಪ್ರಕಾಶಕರ ಅನುಮತಿಯಿಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ತಾಣದ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದರ ಮೇಲೆ ದೊಡ್ಡ ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಹಕ್ಕುಸ್ವಾಮ್ಯದ ಮೊಕದ್ದಮೆ ಹೂಡಿದ್ದಾರೆ. ನಾನು ಯಾವ ವಿದ್ಯಾರ್ಥಿಗೂ ಆ ದಾರಿ ತೋರಿಸುವುದಿಲ್ಲ. ಮೇಲಿನ ದಾರಿಗಳಲ್ಲಿ ಎಂ.ಎಸ್ಸಿ. ಡಿಸರ್ಟೇಶನ್‌ಗೆ ಬೇಕಾದದ್ದು ಬಹುತೇಕ ಸಿಕ್ಕೇ ಸಿಗುತ್ತದೆ.

ಸೆಂಟರ್‌ನವರ ವಿಷಯ ನೇರವಾಗಿ ಹೇಳುತ್ತೇನೆ: ಕೊಡಬೇಡಿ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಸೆಂಟರ್‌ನವರು "ಹತ್ತರೊಳಗೆ ತರುತ್ತೇವೆ" ಎಂದು ಭರವಸೆ ಕೊಡುತ್ತಾರೆ, ತಂದೂ ತೋರಿಸುತ್ತಾರೆ. ಹಳೆಯ ಡಿಸರ್ಟೇಶನ್‌ನ ವಾಕ್ಯಗಳನ್ನು ಪದ ಬದಲಿಸಿ ತಿರುಚಿದರೆ ಸಾಫ್ಟ್‌ವೇರ್ ಕಣ್ಣಿಗೆ ಮಣ್ಣೆರಚಬಹುದು. ಆದರೆ ಹಾಗೆ ತಿರುಚಿದಾಗ ವೈದ್ಯಕೀಯ ಅರ್ಥವೇ ಕೆಟ್ಟಿರುತ್ತದೆ, ಓದಿದ ಪರೀಕ್ಷಕರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ನನಗೆ ಬೇಸರವಾಗುವುದು ಬೇರೆಯದಕ್ಕೆ. ಕೊಪ್ಪಳದ ವಾರ್ಡಿನಲ್ಲಿ ನೀವು ನೋಡಿದ ತಾಯಂದಿರ ಕಷ್ಟ ಆ ಅಂಗಡಿಯವರಿಗೆ ಗೊತ್ತಿಲ್ಲ. ಅವರು ಬರೆದುಕೊಡುವ ರಿವ್ಯೂನಲ್ಲಿ ಅದು ಬರುವುದೇ ಇಲ್ಲ.

ಚಾಟ್‌ಜಿಪಿಟಿಯನ್ನು ಪೂರ್ತಿ ದೂರವಿಡಿ ಎಂದು ನಾನು ಹೇಳುವುದಿಲ್ಲ. ಒಂದು ಸಂಗತಿಗೆ ಬೇರೆ ಯಾವ ಪದಗಳಿವೆ ಎಂದು ಯೋಚಿಸಲು, ಬಿಡಿಸಲಾಗದ ಇಂಗ್ಲಿಷ್ ಪ್ಯಾರಾವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಲು ಅದು ನೆರವಾಗುತ್ತದೆ. ರೆಫರೆನ್ಸ್ ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ನಿಜವಾದ ಜರ್ನಲ್ ಹೆಸರು, ನಿಜವಾದ ಸಂಶೋಧಕರ ಹೆಸರು ಹಾಕಿ ಇಲ್ಲದ ಲೇಖನವನ್ನು ಸೃಷ್ಟಿಸುವುದು ಅದಕ್ಕೆ ಸಲೀಸು. ಗೆಳತಿ ಕೊಟ್ಟ ಪಟ್ಟಿಯ ಒಂದೊಂದು ಶೀರ್ಷಿಕೆಯನ್ನೂ ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಅಲ್ಲಿ ಸಿಗದಿದ್ದರೆ ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆ) ಹಾಕಿ ನೋಡಿ, ಅದೂ ತೆರೆಯದಿದ್ದರೆ ಹೊಡೆದುಹಾಕಿ. ಸಿಕ್ಕರೂ ಲೇಖನ ಓದದೆ ಉಲ್ಲೇಖಿಸಬೇಡಿ. ಮುಂದೆ ತಾಯಂದಿರ ಸಂದರ್ಶನ ಮಾಡುತ್ತೀರಲ್ಲ, ಅವರ ಹೆಸರು, ಮಾತು, ಆಸ್ಪತ್ರೆ ದಾಖಲೆ ಯಾವುದನ್ನೂ ಇಂಥ ಆಪ್‌ಗಳಿಗೆ ಹಾಕಬಾರದು. ಎಥಿಕ್ಸ್ ಕಮಿಟಿಗೆ ನೀವು ಕೊಡುವ ಗೋಪ್ಯತೆಯ ಮಾತು ಅಲ್ಲೇ ಮುರಿಯುತ್ತದೆ.

ಗೂಗಲ್ ಸ್ಕಾಲರ್ ಬಗ್ಗೆಯೂ ಒಂದು ಮಾತು. ಪಬ್‌ಮೆಡ್‌ಗೆ ಸೇರದ ಭಾರತದ ನರ್ಸಿಂಗ್ ಜರ್ನಲ್‌ಗಳು ಅಲ್ಲಿ ಸಿಗುತ್ತವೆ, ಹಾಗಾಗಿ ನೋಡಿ. ಆದರೆ ದುಡ್ಡು ತೆಗೆದುಕೊಂಡು ಏನು ಬೇಕಾದರೂ ಅಚ್ಚು ಹಾಕುವ ಕಳಪೆ ಜರ್ನಲ್‌ಗಳೂ ಅಲ್ಲೇ ಇರುತ್ತವೆ. ಅನುಮಾನ ಬಂದ ಜರ್ನಲ್‌ನ ಹೆಸರನ್ನು ಲೈಬ್ರೇರಿಯನ್‌ಗೆ ತೋರಿಸಿ.

ಹುಡುಕಿದ ದಿನಾಂಕ, ಡೇಟಾಬೇಸ್, ಹಾಕಿದ ಪದಗಳು, ಬಂದ ಸಂಖ್ಯೆ, ಇವನ್ನು ಅಂದಂದೇ ಬರೆದಿಡಿ. ಪಬ್‌ಮೆಡ್‌ನಲ್ಲಿ ಉಚಿತ ಖಾತೆ ತೆರೆದರೆ ಹುಡುಕಾಟ ಉಳಿಸಿಡುತ್ತದೆ, ಹೊಸ ಲೇಖನ ಬಂದರೆ ಇಮೇಲ್ ಕಳಿಸುತ್ತದೆ. ರೆಫರೆನ್ಸ್ ಜೋಡಿಸಲು ಜೊಟೆರೊ ಎಂಬ ಸಾಫ್ಟ್‌ವೇರ್ ಸಾಕು, ಅದಕ್ಕೂ ದುಡ್ಡಿಲ್ಲ, ರೆಫರೆನ್ಸ್‌ಗಳಿಗೆ ಕ್ರಮಸಂಖ್ಯೆ ಹಾಕುವ ವ್ಯಾಂಕೂವರ್ ಶೈಲಿಯನ್ನು ಅದೇ ಮಾಡಿಕೊಡುತ್ತದೆ. ಮೊದಲ ಲೇಖನದಿಂದಲೇ ಶುರುಮಾಡಿ. ನಲವತ್ತಾದ ಮೇಲೆ ಸೇರಿಸುತ್ತೇನೆ ಅಂದವರು ಕೊನೆಯ ವಾರ ನಿದ್ದೆಗೆಟ್ಟದ್ದನ್ನು ನೋಡಿದ್ದೇನೆ.

ನಿಮ್ಮ ಕೊನೆಯ ಪ್ರಶ್ನೆ: ಲೈಬ್ರರಿಯವರು ಹುಡುಕಿಕೊಟ್ಟರೆ ಅದು ನಿಮ್ಮ ಕೆಲಸ ಆಗುತ್ತದಾ? ಆಗುತ್ತದೆ. ಹುಡುಕಾಟದ ದಾರಿ ಹಾಕಿಕೊಡುವುದು, ಲೇಖನ ತರಿಸಿಕೊಡುವುದು, ರೆಫರೆನ್ಸ್ ಶೈಲಿ ತೋರಿಸುವುದು ನಮ್ಮ ಕೆಲಸ. ಬಂದದ್ದರಲ್ಲಿ ಯಾವುದು ನಿಮ್ಮ ವಿಷಯಕ್ಕೆ ಹೊಂದುತ್ತದೆ ಎಂದು ಆರಿಸುವುದು, ಓದುವುದು, ಒಂದರ ಪಕ್ಕ ಇನ್ನೊಂದಿಟ್ಟು ತೂಗುವುದು, ಬರೆಯುವುದು ನಿಮ್ಮದು. ಅದನ್ನು ನಾವು ಮಾಡಿಕೊಡುವುದಿಲ್ಲ, ನೀವು ಕೇಳಬಾರದು. ವಿಷಯ ಆರಿಸುವುದು ಗೈಡ್ ಜೊತೆ, ಸ್ಯಾಂಪಲ್ ಎಷ್ಟು ಎನ್ನುವುದು ಸಂಖ್ಯಾಶಾಸ್ತ್ರ ಬಲ್ಲವರ ಜೊತೆ. ಗೈಡ್ ಹತ್ತಿರ ಇನ್ನೊಂದು ಸ್ಪಷ್ಟ ಮಾಡಿಕೊಳ್ಳಿ: ಅವರು ಕೇಳಿದ್ದು ಸಾಮಾನ್ಯ ರಿವ್ಯೂನೋ ಸಿಸ್ಟಮ್ಯಾಟಿಕ್ ರಿವ್ಯೂನೋ. ಎರಡನೆಯದಕ್ಕೆ ಇಬ್ಬರು ಪ್ರತ್ಯೇಕವಾಗಿ ಲೇಖನ ಆರಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಡಿಸರ್ಟೇಶನ್‌ನ ಅಧ್ಯಾಯಕ್ಕೆ ಬಹುಮಟ್ಟಿಗೆ ಮೊದಲನೆಯದೇ ಸಾಕು.

ನೆರವು ಪಡೆದದ್ದನ್ನು ಮುಚ್ಚಿಡಬೇಕಾಗಿಲ್ಲ. ಹುಡುಕಾಟವನ್ನು ಲೈಬ್ರೇರಿಯನ್ ನೆರವಿನಿಂದ ರೂಪಿಸಿದೆ ಎಂದು ವಿಧಾನದ ಭಾಗದಲ್ಲಿ ಒಂದು ಸಾಲು ಬರೆಯಿರಿ. ಓದಿದವರಿಗೆ ಅದರಿಂದ ಭರವಸೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮುಂದೆ ಇದನ್ನು ಜರ್ನಲ್‌ಗೆ ಕಳಿಸುವಾಗ, ಹುಡುಕಿಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಕೃತಜ್ಞತೆಯಲ್ಲಿ ಹಾಕಿ. ಬರವಣಿಗೆ, ವಿಶ್ಲೇಷಣೆಯಲ್ಲಿ ಪಾಲಿಲ್ಲದಿದ್ದರೆ ಲೇಖಕರ ಸಾಲಿಗೆ ಸೇರಿಸುವ ಹಾಗಿಲ್ಲ.